ಏಳು ಸೆಕೆಂಡಿನ ತಡ

ಬರಿಗಾಲು, ಕೆಂಪು ಕಾರ್ಪೆಟ್ಟಿನ ಮೇಲೆ ಎರಡು ಬರಿಗಾಲು, ಒಂದರ ಹೆಬ್ಬೆರಳು ಇನ್ನೊಂದರ ಬೆನ್ನನ್ನು ಉಜ್ಜುತ್ತಿದೆ, ಕ್ಯಾಮೆರಾಗೆ ಅದು ಕಾಣುವುದಿಲ್ಲ, ಕ್ಯಾಮೆರಾ ಎದೆಯಿಂದ ಮೇಲಕ್ಕೆ ಮಾತ್ರ, ಗಾಜಿನ ಈಚೆ ಕೂತ ಭಾವನಾಗೆ ಮಾತ್ರ ಎಲ್ಲಾ ಕಾಣುತ್ತದೆ — ಚಪ್ಪಲಿಯನ್ನು ಸ್ಟುಡಿಯೋ ಬಾಗಿಲ ಹೊರಗೇ ಬಿಟ್ಟಳಲ್ಲ ಚಿಕ್ಕಮಾದಿ, ಪರವಾಗಿಲ್ಲ ಹಾಕ್ಕೊಂಡೇ ಬನ್ನಿ ಚಿಕ್ಕಮಾದಮ್ಮ ಎಂದು ಹೇಳುವಾಗ ಆ ಅಮ್ಮ ಎನ್ನುವುದು ನಾಲಿಗೆಯಲ್ಲಿ ಎಡವಿತ್ತು, ಮಾತು ಕಲಿತಾಗಿನಿಂದ ಚಿಕ್ಕಮಾದಿ ಎಂದೇ ಕರೆದ ಬಾಯಿ, ವರ್ಷವರ್ಷ ಮನೆಗೆ ಕೂಲಿಗೆ ಬರುವ, ಹೆತ್ತ ತಾಯಿಗಿಂತ ದೊಡ್ಡವಳನ್ನು ಬಾರೇ ಹೋಗೇ ಎಂದ ಬಾಯಿ, ಇವತ್ತು ಇದ್ದಕ್ಕಿದ್ದಂತೆ ಮರ್ಯಾದೆ ಕೊಟ್ಟರೆ ಅವಳಾದರೂ ಹೇಗೆ ನಂಬಬೇಕು, ನಂಬಲಿಲ್ಲ, ಇರ್ಲಿ ಬುಡವ್ವ ಎಂದು ನಕ್ಕು ಬರಿಗಾಲಲ್ಲೇ ಒಳಗೆ ಹೋದಳು. ಎಂಟು ಗಂಟೆ ಆರು ನಿಮಿಷ. ಕೆಳಗಿನ ಬೇಕರಿಯಿಂದ ಬನ್ನಿನ ವಾಸನೆ, ಹುಣಸೂರು ಬಸ್‌ಸ್ಟ್ಯಾಂಡಿನ ಹಾರನ್ನು, ಹೆಡ್‌ಫೋನಿನೊಳಗೆ ಕಿರಣ್‌ಕುಮಾರನ ದನಿ, ವೀಕ್ಷಕರೇ ಎಂಟರ ಮಾತು ಕಾರ್ಯಕ್ರಮಕ್ಕೆ ಸ್ವಾಗತ, ಇವತ್ತಿನ ವಿಷಯ ಮನೆಮಂದಿಯೆಲ್ಲ ಕೂತು ನೋಡೋ ಹೊತ್ತಿನಲ್ಲಿ ಟೀವಿಯಲ್ಲಿ ಬೈಗುಳ ಕೇಳಿಸಬಹುದೇ ಬಾರದೇ — ಕಿರಣ್‌ಕುಮಾರ್ ಈ ಕೇಬಲ್ ಚಾನೆಲ್ಲಿನ ಮಾಲೀಕನೂ ಹೌದು ನಿರೂಪಕನೂ ಹೌದು, ಹುಣಸೂರು ಪಿರಿಯಾಪಟ್ಟಣ ಕೆ.ಆರ್. ನಗರ ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕಿನ ಮನೆಗಳಿಗೆ ದಿನಾ ರಾತ್ರಿ ಊಟದ ಹೊತ್ತಿಗೆ ಇವನ ಮುಖವೇ ಸಾರು. ಹೋದ ವಾರ ಫೋನಿನಲ್ಲಿ ಯಾರೋ ಒಬ್ಬ ಆನೆ ಕಂದಕದ ವಿಷಯ ಮಾತಾಡುತ್ತಾ ತೆಗೆದ ಬಾಯಿಗೆ ತಾಯಿ ಅಕ್ಕ ಎಲ್ಲರನ್ನೂ ತಂದುಬಿಟ್ಟ, ನೇರ ಪ್ರಸಾರ, ನಾಲ್ಕು ತಾಲ್ಲೂಕು ಕೇಳಿತು, ಮಾರನೇ ದಿನ ಚಾನೆಲ್ಲಿನ ಬಾಗಿಲ ಮುಂದೆ ಹೆಂಗಸರು, ಮಕ್ಳು ಮರಿ ಇರೋ ಮನೆ ಕಣ್ರೀ ಅಂತ, ಕಿರಣ್‌ಕುಮಾರನಿಗೆ ಎಲ್ಲಿ ಪರವಾನಗಿ ಹೋಗುತ್ತದೋ ಎಂಬ ದಿಗಿಲು, ಎರಡೇ ದಿನದಲ್ಲಿ ಈ ಪೆಟ್ಟಿಗೆ ತಂದ. ಒಳಗೆ ಆಡಿದ ಮಾತು ಹೊರಗೆ ಹೋಗುವುದಕ್ಕೆ ಏಳು ಸೆಕೆಂಡು ತಡ. ಅಷ್ಟರಲ್ಲಿ ಭಾವನಾ ಕೆಂಪು ಗುಂಡಿ ಒತ್ತಿದರೆ ಕೆಟ್ಟ ಮಾತಿನ ಮೇಲೆ ಕುಂಯ್ ಎನ್ನುವ ಸದ್ದು ಬಿದ್ದು ಮುಚ್ಚಿಹೋಗುತ್ತದೆ. ಎಡಗಡೆ ಗಾಜಿನಾಚೆ ಈಗಿನ ಚಿಕ್ಕಮಾದಿ, ಬಲಗಡೆ ಸಣ್ಣ ಟೀವಿಯಲ್ಲಿ ಊರೆಲ್ಲ ನೋಡುತ್ತಿರುವ ಚಿಕ್ಕಮಾದಿ, ಏಳು ಸೆಕೆಂಡು ಹಿಂದಿನವಳು, ಇಲ್ಲಿ ಬಾಯಿ ಮುಚ್ಚಿದ್ದಾಗ ಅಲ್ಲಿ ತೆರೆದಿರುತ್ತದೆ, ಭಾವನಾ ಎರಡು ಬಾಯಿಗಳನ್ನೂ ಒಂದಾದ ಮೇಲೊಂದು ನೋಡುತ್ತಿದ್ದಾಳೆ.

ಒಂದು ಪದ ಹೊರಗೆ ಹೋದ್ರೂ ನಾಳೆಯಿಂದ ನೀನು ಬರೋದು ಬೇಡಮ್ಮ, ನಾನು ಕಿವಿ ಮುಟ್ಟಿಕೊಂಡೆ ಅಂದ್ರೆ ಒತ್ತು, ಯೋಚನೆ ಮಾಡ್ಬೇಡ — ಸಂಜೆ ಹೇಳಿದ್ದ ಕಿರಣ್‌ಕುಮಾರ್, ಹೇಳಿ ಗಾಜಿಗೆ ಅಂಟಿಸಿದ ಕೆಟ್ಟ ಪದಗಳ ಪಟ್ಟಿಯ ಮೇಲೆ ಬೆರಳು ಬಡಿದಿದ್ದ. ಆ ಪಟ್ಟಿಯನ್ನು ಟೈಪ್ ಮಾಡಿದವಳೇ ಅವಳು. ಪಾಪ, ಹೆಣ್ಣುಮಗಳ ಮುಂದೆ ಹೇಳೋದು ಹೇಗೆ ಎಂದು ಮುಖ ಕೆಂಪಾಗಿಸಿಕೊಂಡು, ಅದೇ ಅಮ್ಮ, ಸೂ ಇಂದ ಶುರುವಾಗೋದು ಒಂದು ಬರ್ಕೊ, ಬೋ ಇಂದ ಒಂದು, ಮುಂದಿಂದು ನಿಂಗೇ ಗೊತ್ತಾಗುತ್ತೆ ಅನ್ನುತ್ತಿದ್ದ, ಅವಳು ಟಕ್ ಟಕ್ ಟಕ್ ಎಂದು ಪೂರ್ತಿ ಮಾಡುತ್ತಿದ್ದಳು, ಅವನು ನೆನಪಿಲ್ಲದೆ ಬಿಟ್ಟವನ್ನೂ ಸೇರಿಸಿ ಮೂವತ್ತೊಂದು ಆದಾಗ ಅವನು ಬೆಪ್ಪಾಗಿ ನೋಡಿದ, ಇಷ್ಟೆಲ್ಲಾ ನಿಂಗೆ ಎಲ್ಲಿ ಸಿಕ್ತಮ್ಮ. ಎಲ್ಲಿ ಸಿಗಬೇಕು, ಹಾರನಹಳ್ಳಿ ಹೋಬಳಿಯ ಸಿದ್ದಯ್ಯನ ಮಗಳಿಗೆ, ಮನೆಯಲ್ಲೇ. ಅಪ್ಪನ ಬಾಯಿ ಅಂದರೆ ಅಪ್ಪನ ಬಾಯಿ, ಮೋಟರು ಎತ್ತದಿದ್ದರೆ ಬೋಳಿಮಗಂದು, ಗಾಳಿಗೆ ದೇವರ ದೀಪ ಆರಿದರೆ ಥೂ ಮುಂಡೇದೆ, ಎತ್ತಿಗೆ ಒಂದು, ಟ್ರ್ಯಾಕ್ಟರಿಗೆ ಒಂದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಬೇರೆಯದೇ ಒಂದು, ಅದನ್ನು ಅವಳು ಪಟ್ಟಿಗೆ ಹಾಕಲಿಲ್ಲ, ಒಲೆಯನ್ನು ಬಿಟ್ಟು ಬೇರೆ ಯಾರಿಗೂ ಅದು ಒಪ್ಪುವುದಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ದಿನ ಅಪ್ಪ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಮುಂಡೇದು ನೋಡು, ಎಂಗೆ ಪಾಸಾಗ್ಬುಟ್ಟದೆ, ಇಡೀ ಅಳ್ಳೀಲಿ ಯಾವ ನನ್ಮಗನ ಮಗೂ ಇಷ್ಟು ತಗಂಡಿಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದರು, ಬೆವರು, ಬೀಡಿ, ಸೊಪ್ಪಿನ ಅಂಟು, ಆ ಬೈಗುಳ ಅವಳಿಗೆ ಮುತ್ತಿನ ಹಾಗೆ ಇತ್ತು, ಇವತ್ತಿಗೂ ಹಾಗೇ ಇದೆ, ಅದೇ ಕಷ್ಟ. ಪಟ್ಟಿಯಲ್ಲಿ ಹದಿನಾಲ್ಕನೆಯದು ಆ ಮುಂಡೆ ಎನ್ನುವ ಪದ. ಅಪ್ಪ ಈಗ ನಡುಮನೆಯಲ್ಲಿ ಟೀವಿ ಮುಂದೆ ಕೂತಿರುತ್ತಾರೆ, ಅವ್ವ ಮುದ್ದೆ ತಟ್ಟೆ ಇಟ್ಟಿರುತ್ತಾಳೆ, ಮಗಳು ಪರದೆಯ ಮೇಲೆ ಬರುವುದಿಲ್ಲ ಎಂದು ಗೊತ್ತಿದ್ದರೂ, ನಮ್ ಭಾವಿ ಅದ್ರ ಇಂದುಗಡೆ ಕೂತದೆ ಕಣೇ ಮಲ್ಲಾಜಿ, ಅದು ಒತ್ತುದ್ರೇಯ ಎಲ್ಲಾ ನಡಿಯದು ಎಂದು ದಿನಾ ಹೇಳುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಅವಳು ಬಸ್ಸು ಹತ್ತಬೇಕು, ಇಳಿಯುವ ಕಡೆ ಅಪ್ಪ ಬೈಕು ನಿಲ್ಲಿಸಿಕೊಂಡು ಕಾಯುತ್ತಿರುತ್ತಾರೆ, ಬೈಕಿನ ಹಿಂದೆ ಕೂತು ಆ ಬೆನ್ನು ಹಿಡಿದುಕೊಂಡೇ ಮನೆಗೆ ಹೋಗಬೇಕು. ಚಿಕ್ಕಮಾದಿ ಇವತ್ತು ಬರುತ್ತಾಳೆ ಎನ್ನುವುದು ಅಪ್ಪನಿಗೆ ಗೊತ್ತಿರಲಿಲ್ಲ, ಭಾವನಾಗೂ ಗೊತ್ತಿರಲಿಲ್ಲ.

ಗೊತ್ತಿದ್ದವಳು ಲಾಯರ್ ಸೌಂದರ್ಯ ಒಬ್ಬಳೇ, ಇಬ್ಬರು ಅತಿಥಿಗಳು ಅಂತ ಕರೆದರೆ ಮೂರನೆಯವಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು, ಬೈಗುಳದ ಬಗ್ಗೆ ಮಾತಾಡೋಕೆ ಬೈಸಿಕೊಂಡವರು ಒಬ್ಬರಾದ್ರೂ ಬೇಡ್ವಾ ಕಿರಣ್ ಅವರೇ ಎಂದಳು, ಕಿರಣ್‌ಕುಮಾರನಿಗೆ ಕಣ್ಣು ಅರಳಿತು, ಕಾಡಂಚಿನ ಹಾಡಿಯ ಹೆಂಗಸು, ಕಣ್ಣೀರು ಗಿಣ್ಣೀರು, ಜನ ನೋಡ್ತಾರೆ, ಬರ್ಲಿ ಬರ್ಲಿ — ಬೈದವರು ಯಾರು ಎಂದು ಅವನು ಕೇಳಲೇ ಇಲ್ಲ. ಈಗ ದೇವರಾಜ ಮೇಷ್ಟ್ರು ಮಾತಾಡುತ್ತಿದ್ದಾರೆ, ಭಾವನಾಗೆ ಒಂಬತ್ತನೇ ಕ್ಲಾಸಿನಲ್ಲಿ ಕನ್ನಡ ಹೇಳಿಕೊಟ್ಟ ಮೇಷ್ಟ್ರು, ನಿವೃತ್ತಿಯಾಗಿ ಹತ್ತು ವರ್ಷವಾದರೂ ಅದೇ ಇಸ್ತ್ರಿ ಅಂಗಿ, ಅದೇ ಉಸಿರು ಹಿಡಿದು ಬಿಡುವ ಮಾತು, ನೋಡಿ, ಬೀದಿಯಲ್ಲಿ ಇರೋದೆಲ್ಲಾ ನಡುಮನೆಗೆ ತರೋದಕ್ಕಾಗಲ್ಲ, ಬೀದಿಯಲ್ಲಿ ಚರಂಡಿನೂ ಇದೆ, ಹಾಗಂತ ಅದನ್ನ ಊಟದ ತಟ್ಟೆ ಪಕ್ಕಕ್ಕೆ ತಿರುಗಿಸ್ತೀರಾ, ಮಕ್ಕಳು ಕೇಳಿದ್ದನ್ನೇ ಆಡ್ತವೆ. ಸರಿಯಾಗೇ ಹೇಳುತ್ತಿದ್ದಾರಲ್ಲ ಅನಿಸುತ್ತದೆ, ಅನಿಸುತ್ತಿರುವಾಗಲೇ ಲಾಯರಮ್ಮ, ಸಾರ್ ಪಕ್ಕದ ಚಾನೆಲ್ಲಿನಲ್ಲಿ ಇದೇ ಎಂಟು ಗಂಟೆಗೆ ಅತ್ತೆ ಸೊಸೆಯ ಹಾಲಿಗೆ ವಿಷ ಹಾಕ್ತಾಳೆ, ಹಾಕಿದ್ದನ್ನ ಮೂರು ಸಲ ತೋರಿಸ್ತಾರೆ, ಮಕ್ಕಳು ಅದನ್ನ ನೋಡ್ತಾನೇ ಊಟ ಮಾಡ್ತವೆ, ಅದಕ್ಕೆ ಯಾಕೆ ಕುಂಯ್ ಇಲ್ಲ? ಮೇಷ್ಟ್ರು ನಕ್ಕರು, ಅದು ಕತೆ ಕಣಮ್ಮ. ಗಾಜಿನೊಳಗೆ ಒಮ್ಮೆ ನಕ್ಕರು, ಏಳು ಸೆಕೆಂಡಿಗೆ ಟೀವಿಯಲ್ಲಿ ಇನ್ನೊಮ್ಮೆ ನಕ್ಕರು, ಎರಡನೇ ನಗು ಯಾಕೋ ಹಳೆಯದೊಂದನ್ನು ಎಳೆದು ತಂದಿತು — ಒಂಬತ್ತನೇ ಕ್ಲಾಸು, ಹಿಂದಿನ ಬೆಂಚು, ಕಾಡಿನಲ್ಲಿ ಜೇನು ಕೀಳುವವರ ಹಾಡಿಯಿಂದ ಬರುತ್ತಿದ್ದ ಇಬ್ಬರು ಮಕ್ಕಳು, ಲೆಕ್ಕದ ಮೇಷ್ಟ್ರು ರಜ ಹಾಕಿದ್ದಾರೆ ಅಂತ ಇವರು ಒಳಗೆ ಬಂದು, ನಿಮಗ್ಯಾಕ್ರಪ್ಪಾ ಲೆಕ್ಕ, ಜೇನುಹುಳ ಎಣಿಸೋಕಾ, ಇಡೀ ಕ್ಲಾಸು ಹೋ ಎಂದಿತ್ತು, ಭಾವನಾನೂ ನಕ್ಕಿದ್ದಳು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಒಂದೂ ಕೆಟ್ಟ ಪದ ಇರಲಿಲ್ಲ ಅದರಲ್ಲಿ, ಎಷ್ಟು ಚೊಕ್ಕ ಕನ್ನಡ, ಮುಂದಿನ ವಾರದಿಂದ ಅವರಲ್ಲಿ ಒಬ್ಬ ಬರಲಿಲ್ಲ. ಈ ಮೂವತ್ತೊಂದರಲ್ಲಿ ಅದನ್ನು ಎಲ್ಲಿ ಅಂಟಿಸುವುದು. ಪದಕ್ಕೆ ಕುಂಯ್ ಹಾಕಬಹುದು, ಆ ಹೋ ಎನ್ನುವುದಕ್ಕೆ ಯಾವ ಗುಂಡಿ ಎಂದು ಅವಳಿಗೆ ರೇಗುತ್ತದೆ, ಯಾರ ಮೇಲೆ ಎಂದು ತಿಳಿಯದೆ ರೇಗುತ್ತದೆ, ಮೇಷ್ಟ್ರ ಮೇಲೋ, ತನ್ನ ಮೇಲೋ, ಈ ಹಾಳು ಪೆಟ್ಟಿಗೆಯ ಮೇಲೋ.

ಮೈಕು ಸಿಕ್ಕಿಸಿದವಳೂ ಅವಳೇ, ಅರ್ಧ ಗಂಟೆ ಹಿಂದೆ, ಚಿಕ್ಕಮಾದಿಯ ಸೆರಗಿನ ಅಂಚಿಗೆ, ಅಷ್ಟು ಹತ್ತಿರ ನಿಂತು ಎಷ್ಟು ದಿನವಾಯಿತು, ಸೌದೆ ಹೊಗೆಯ ವಾಸನೆ, ಚೆಂದಾಗಿದ್ದೀಯಾ ಕೂಸೇ ಎಂದು ಕೇಳಿದಳು, ಬೈದಿದ್ದರೆ ವಾಸಿಯಿತ್ತು, ಚೆಂದಾಗಿದ್ದೀಯಾ ಎಂದು ಕೇಳಿದಳು, ಆಮೇಲೆ ಮೈಕನ್ನು ಉಗುರಿನಿಂದ ಮುಟ್ಟಿ, ಇದ್ರಲ್ಲಿ ಯೋಳಿದ್ದು ಎಲ್ಲಾ ಊರ್ಗೂ ಕೇಳ್ತದಾ, ಕೇಳ್ತದೆ ಎಂದಳು ಭಾವನಾ, ಕೋಟೆ ಹಾಸ್ಟಲ್‌ಗೂ ಕೇಳ್ತದಾ, ಅಲ್ಲಿ ಟೀವಿ ಇದ್ರೆ ಕೇಳ್ತದೆ, ಅದೆ ಅಂತೆ ಕಣವ್ವ, ಸವಿತಾ ಯೋಳ್ತು. ಸವಿತಾ. ಆ ಹೆಸರು ಬಂದದ್ದೇ ಭಾವನಾ ವೈರು ಸರಿಮಾಡುವವಳ ಹಾಗೆ ಬಗ್ಗಿಬಿಟ್ಟಿದ್ದಳು. ಪ್ರತಿ ವರ್ಷ ಸೊಪ್ಪು ಕೊಯ್ಯುವ ಕಾಲಕ್ಕೆ ಅಂತರಸಂತೆ ಕಡೆಯ ಹಾಡಿಯಿಂದ ಜೀಪಿನಲ್ಲಿ ಆಳುಗಳು ಬರುತ್ತಾರೆ, ತಿಂಗಳುಗಟ್ಟಲೆ ಬ್ಯಾರನ್ನಿನ ಪಕ್ಕದ ಶೆಡ್ಡಿನಲ್ಲೇ ಉಳಿದು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾರೆ, ಚಿಕ್ಕಮಾದಿ ಕಟ್ಟಿದ ಕಡ್ಡಿಯಿಂದ ಒಂದು ಎಲೆ ಬಿದ್ದದ್ದಿಲ್ಲ ಎಂದು ಅಪ್ಪನೇ ಹೊಗಳುತ್ತಿದ್ದರು. ಆ ಭಾನುವಾರ, ಶ್ರಾವಣದ ಮೊದಲ ಭಾನುವಾರ, ಅವಳ ಮಗಳು ಸವಿತಾ ಕೋಟೆಯ ಹಾಸ್ಟಲ್‌ನಿಂದ ಅವ್ವನನ್ನು ನೋಡಲು ಬಂದಿತ್ತು, ಸೆಕೆಂಡ್ ಪೀಯೂಸಿ ಹುಡುಗಿ, ಮೈ ಕೆಂಡದ ಹಾಗೆ ಸುಡುತ್ತಿತ್ತು, ನಿಂತಲ್ಲೇ ತೂರಾಡುತ್ತಿತ್ತು, ಭಾವನಾ ಜಗಲಿಯ ಮೇಲಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿ ಎಳೆದು, ಬಾ ಸವಿತಾ ಕೂತ್ಕೊ, ಬೇಡ ಅಕ್ಕ, ಕೂತ್ಕೊ ಅಂತೀನಿ — ತೋಳು ಹಿಡಿದು ಕೂರಿಸಿದಳು. ಅಪ್ಪ ಅಷ್ಟರಲ್ಲಿ ಹೊಲದಿಂದ ಬಂದರು, ಟ್ರ್ಯಾಕ್ಟರು ಕೆಟ್ಟು ಎರಡು ಗಂಟೆ ಬಿಸಿಲಲ್ಲಿ ನಿಂತು ಬಂದಿದ್ದರು, ಹೌದು ಬಿಸಿಲಿತ್ತು, ಹೌದು ಕೆಟ್ಟಿತ್ತು, ಈ ಮೂರು ತಿಂಗಳಲ್ಲಿ ಎಷ್ಟು ಸಲ ಆ ಟ್ರ್ಯಾಕ್ಟರನ್ನು ಅಡ್ಡ ತಂದು ನಿಲ್ಲಿಸಿಲ್ಲ ಅವಳು ಅಪ್ಪನ ಮುಂದೆ — ಬಂದವರು ಕುರ್ಚಿ ನೋಡಿದರು, ಕುರ್ಚಿಯಲ್ಲಿ ಕೂತವಳನ್ನು ನೋಡಿದರು, ಸೊಪ್ಪು ಕಟ್ಟುತ್ತಿದ್ದ ಅವಳ ಅವ್ವನ ಕಡೆ ತಿರುಗಿ ಒಂದು ಮಾತು ಅಂದರು. ಕಟ್ಟುತ್ತಿದ್ದ ಹತ್ತು ಕೈಗಳೂ ನಿಂತವು. ಅದು ಮುತ್ತಿನಂಥ ಬೈಗುಳವಲ್ಲ, ಎತ್ತಿಗೆ ಬೈದದ್ದಲ್ಲ, ಒಲೆಗೆ ಬೈದದ್ದಲ್ಲ, ಅದೇ ಬಾಯಿ, ಅದೇ ಹದಿನಾಲ್ಕನೇ ಪದ, ಆದರೆ ಅಪ್ಪ ದನಿ ಏರಿಸಿರಲಿಲ್ಲ, ತಣ್ಣಗೆ ಅಂದರು, ಅಂದು ಕಾಲು ತೊಳೆಯಲು ಹೋದರು. ಸವಿತಾ ಎದ್ದು ನಿಂತಳು, ಭಾವನಾ ಇನ್ನೂ ಕುರ್ಚಿಯ ಬೆನ್ನು ಹಿಡಿದೇ ಇದ್ದಳು.

ದೂರು ಕೊಡಲು ಹೋದಾಗ ಠಾಣೆಯಲ್ಲಿ, ಏನು ಬೈದರು ಎಂದು ಕೇಳಿದ್ದಾರೆ, ಐದು ಜನ ಗಂಡಸರು, ಪಕ್ಕದಲ್ಲಿ ಮಗಳು, ಚಿಕ್ಕಮಾದಿಗೆ ಬಾಯಿ ಬಂದಿಲ್ಲ, ಬಾಯಿಗೆ ಬಂದಂಗೆ ಅಂದ್ರು ಸಾಮಿ ಎಂದಿದ್ದಾಳೆ ಅಷ್ಟೇ, ಬರೆದುಕೊಳ್ಳುವವನು ಎಲ್ಲ ದೂರಿನಲ್ಲೂ ಬರೆಯುವ ಹಾಗೆ ಅವಾಚ್ಯ ಶಬ್ದಗಳಿಂದ ನಿಂದಿಸಿ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾನೆ, ವಿಚಾರಣೆಗೆ ಬಂದವರು ಜಗಲಿಯ ಮೇಲೆ, ಅದೇ ನೀಲಿ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಭಾವನಾಳನ್ನು ಕೇಳಿದರು, ನೀವು ಅಲ್ಲೇ ಇದ್ರಂತಲ್ಲಮ್ಮ, ಏನಂದ್ರು. ಅವ್ವ ಮಲ್ಲಾಜಮ್ಮ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು, ಅಪ್ಪ ನೋಡುತ್ತಿರಲಿಲ್ಲ, ಅಪ್ಪ ತಲೆ ತಗ್ಗಿಸಿ ಬೀಡಿ ಹುಡುಕುತ್ತಿದ್ದರು, ಅದೊಂದೇ ಸಲ ಅಪ್ಪ ಮುದುಕರ ಹಾಗೆ ಕಂಡದ್ದು. ಸ್ವಲ್ಪ ಜೋರಾಗಿ ಮಾತಾಡಿದ್ರು ಸಾರ್ ಅಷ್ಟೆ, ನಮ್ಮಪ್ಪನ ಗಂಟಲೇ ಹಂಗೆ. ಎಷ್ಟು ಸಲೀಸಾಗಿ ಬಂತು, ಒಂದು ಕಡೆಯೂ ತಡೆಯಲಿಲ್ಲ ನಾಲಿಗೆ. ಅವತ್ತೇ ಅವಳು ಮೊದಲ ಕುಂಯ್ ಒತ್ತಿದ್ದು, ಪೆಟ್ಟಿಗೆ ಬರುವುದಕ್ಕೆ ಮೊದಲೇ. ಮುಗಿಯಿತು ಅಂದುಕೊಂಡಳು, ಮುಗಿಯಲಿಲ್ಲ, ಕಡ್ಡಿ ಕಟ್ಟುತ್ತಿದ್ದವರ ಪೈಕಿ ಕೋಟೆ ಕಡೆಯವರು ಇದ್ದರಲ್ಲ, ಮಾತು ಹಾಸ್ಟಲ್‌ಗೆ ಹೋಗಿದೆ, ಹೋಗುವ ಹೊತ್ತಿಗೆ ಮಾತಿನಿಂದ ಕುರ್ಚಿ ಬಿದ್ದುಹೋಗಿದೆ, ಜ್ವರ ಬಿದ್ದುಹೋಗಿದೆ, ಉಳಿದದ್ದು ಒಂದು ಗುಸುಗುಸು, ಯಾವುದೋ ಹೊಲದ ಮನೆಯಲ್ಲಿ ಸವಿತಾ ಯಾರ ಜೊತೆಗೋ ಇದ್ದಾಗ ಸಿಕ್ಕಿಬಿದ್ದಳಂತೆ, ಅದಕ್ಕೇ ಆ ಗೌಡರು ಬೈದರಂತೆ, ಏನು ಬೈದರು ಅಂದರೆ ಬಾಯಲ್ಲಿ ಹೇಳೋ ಹಾಗೇ ಇಲ್ಲವಂತೆ. ಸವಿತಾ ಪುಸ್ತಕ ಕಟ್ಟಿಕೊಂಡು ಹಾಡಿಗೆ ಬಂದುಬಿಟ್ಟಳು, ಪರೀಕ್ಷೆಗೆ ನಾಲ್ಕು ತಿಂಗಳಿದೆ, ಹೋಗಲ್ಲ ಅನ್ನುತ್ತಾಳಂತೆ. ಇದನ್ನೆಲ್ಲಾ ಲಾಯರಮ್ಮ ಮೆಟ್ಟಿಲ ಹತ್ತಿರ ನಿಂತು ಹೇಳಿದಳು, ನೀನೇ ಆ ಮನೆಯ ಮಗಳು ಎಂದು ಗೊತ್ತಿದ್ದೇ ಹೇಳಿದಳು, ಕಣ್ಣು ತೆಗೆಯದೆ ಹೇಳಿದಳು. ಗಾಜಿನಾಚೆ ಕಿರಣ್‌ಕುಮಾರ್ ತಿರುಗಿದ, ಚಿಕ್ಕಮಾದಮ್ಮ ನೀವು ಹೇಳಿ, ನಿಮಗೆ ಏನನ್ಸುತ್ತೆ, ಟೀವಿಯಲ್ಲಿ ಬೈಗುಳ ಬರಬಹುದಾ. ಭಾವನಾಳ ಬೆರಳು ತಾನೇ ಹೋಗಿ ಕೆಂಪು ಗುಂಡಿಯ ಮೇಲೆ ಕೂತಿತು. ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು, ಅವ್ವ, ಎತ್ತಲಿಲ್ಲ, ನಿಂತು ಮತ್ತೆ ಗುಂಯ್, ಅವ್ವನಿಗೆ ಟೀವಿಯಲ್ಲಿ ಚಿಕ್ಕಮಾದಿ ಕಂಡಿದ್ದಾಳೆ, ಅಪ್ಪನಿಗೂ ಕಂಡಿರುತ್ತಾಳೆ, ತುತ್ತು ಕೈಯಲ್ಲೇ ನಿಂತಿರುತ್ತದೆ. ಎಂಟು ಗಂಟೆ ಇಪ್ಪತ್ತೊಂದು ನಿಮಿಷ.

ನಾನು ಬಯ್ಯಕ್ಕೆ ಬಂದಿಲ್ಲ ಸಾಮಿ, ನನ್ನ ಬೈದಿದ್ದ ಯೋಳಕ್ಕೆ ಬಂದಿವ್ನಿ — ಹೆಡ್‌ಫೋನಿನಲ್ಲಿ ಚಿಕ್ಕಮಾದಿಯ ದನಿ ಕಿವಿಯೊಳಗೇ ಕೂತು ಮಾತಾಡಿದ ಹಾಗೆ, ಟೀವಿಯಲ್ಲಿ ಇನ್ನೂ ಕಿರಣ್‌ಕುಮಾರನ ಪ್ರಶ್ನೆಯೇ ನಡೆಯುತ್ತಿದೆ, ಅವಳ ಬಾಯಿ ಮುಚ್ಚಿದೆ — ನನ್ನ ಬೈದವ್ರ ಎಸ್ರು ಯೋಳಕಿಲ್ಲ, ಅವ್ರ ಮನೆ ಅನ್ನ ಉಂಡಿವ್ನಿ, ಟೇಸನ್ನಲ್ಲಿ ಏನಂದ್ರು ಅಂತ ಕೇಳುದ್ರು, ಮಗಳು ಪಕ್ಕದಲ್ಲೇ ನಿಂತಿತ್ತು, ನಂಗೆ ಬಾಯಿ ಬರ್ನಿಲ್ಲ, ಅವ್ರು ಯಾವ್ದೋ ದೊಡ್ಡ ಮಾತು ಬರ್ಕಂಡ್ರು, ಆ ಮಾತೊಳಕ್ಕೆ ಈಗ ಊರೋರೆಲ್ಲ ಅವರವ್ರಿಗೆ ಬೇಕಾದ್ದ ತುಂಬ್ಕತಾವ್ರೆ. ದೇವರಾಜ ಮೇಷ್ಟ್ರು ಕನ್ನಡಕ ತೆಗೆದರು. ಕಿರಣ್‌ಕುಮಾರನ ಕೈ ಕೊರಳ ಹತ್ತಿರ ಬಂದಿದೆ, ಕಿವಿಗೆ ಇನ್ನೂ ಹೋಗಿಲ್ಲ. ಒತ್ತಿದರೆ ಏನು, ಒಂದು ಸದ್ದು, ಅಪ್ಪ ತುತ್ತು ಬಾಯಿಗಿಡುತ್ತಾರೆ, ಕೆಲಸ ಉಳಿಯುತ್ತದೆ, ಬೈಕಿನ ಹಿಂದೆ ಏನೂ ಆಗದವಳ ಹಾಗೆ ಕೂರಬಹುದು, ಒತ್ತಿದರೆ ಕೋಟೆಯ ಹಾಸ್ಟಲ್‌ನಲ್ಲಿ ನಲವತ್ತು ಹುಡುಗಿಯರು ಆ ಕುಂಯ್‌ನೊಳಗೆ ಏನು ತುಂಬಿಕೊಳ್ಳುತ್ತಾರೆ, ಇದ್ದದ್ದಕ್ಕಿಂತ ಕಡಿಮೆಯದನ್ನು ಯಾರೂ ತುಂಬಿಕೊಳ್ಳುವುದಿಲ್ಲ, ತಾಯಿಯ ಬಾಯಿಂದಲೇ ಬಂತು ನೋಡು, ಟೀವಿಯವರೇ ಮುಚ್ಚಿದರು ನೋಡು, ಅಷ್ಟು ಕೆಟ್ಟದ್ದು ಅನ್ನುತ್ತಾರೆ. ಭಾವನಾಗೆ ಭಯ, ಹೇಳಿಕೊಳ್ಳಲು ನಾಚಿಕೆಯಿಲ್ಲ, ಅಪ್ಪ ಅಂದರೆ ಅವಳಿಗೆ ಪ್ರಾಣ, ಆ ಪ್ರಾಣವನ್ನೇ ಈಗ ಬೆರಳಿನ ಕೆಳಗೆ ಇಟ್ಟುಕೊಂಡು ಕೂತಿದ್ದಾಳೆ. ಮಗೀಗೆ ಮೈ ಬಿಸಿ ಇತ್ತು ಸಾಮಿ, ಚಿಕ್ಕಮಾದಿ ಹೇಳುತ್ತಿದ್ದಾಳೆ, ಅಳುತ್ತಿಲ್ಲ, ಮೂರು ತಿಂಗಳು ಒಬ್ಬಳೇ ಬಾಯಿಪಾಠ ಮಾಡಿದವಳ ಹಾಗೆ ಒಂದೊಂದೇ ಮಾತು ಇಡುತ್ತಿದ್ದಾಳೆ, ಕುರ್ಚಿ ಮ್ಯಾಲೆ ಕುಂತಿತ್ತು, ಅಷ್ಟೇಯ, ಇನ್ನೇನೂ ಇಲ್ಲ, ಅದ್ಕೇ ಅಂದಿದ್ದು, ಎಂಗಂದ್ರೋ ಅಂಗೇ ಯೋಳ್ತೀನಿ, ಕಾಡ್ ಮುಂಡೆ, ನಿನ್ ಮಗಳ ಕುಂಡಿಗೆ ಕುರ್ಚಿ ಬೇರೆ ಕೇಡು, ಯಾವನ್ ಪಕ್ಕ ಮಲ್ಗಿ ಬಂದ್ಲೇ ಈ ಕುರ್ಚಿ ಮ್ಯಾಲೆ ಕೂರಕ್ಕೆ. ಅಷ್ಟೇ ಸಾಮಿ. ಕುರ್ಚಿ ಕೊಟ್ಟ ಕೂಸಿಗೂ ಗೊತ್ತು. ಹೇಳಿ ಬಾಯಿ ಮುಚ್ಚಿದಳು. ಗಾಜಿನ ಕಡೆ ನೋಡಲಿಲ್ಲ.

ಕಿರಣ್‌ಕುಮಾರನ ಕೈ ಆ ಹದಿನಾಲ್ಕನೇ ಪದ ಕೇಳಿದ ಕೂಡಲೇ ಕಿವಿಗೆ ಹೋಗಿತ್ತು, ಲೆಕ್ಕ ಅಲ್ಲಿಂದ. ಒಂದು ಸೆಕೆಂಡು. ಅಪ್ಪನ ಪದವೇ, ಅಪ್ಪನ ರಾಗವಿಲ್ಲ, ಅದಕ್ಕೇ ಇರಬೇಕು ಇಷ್ಟು ಬೆತ್ತಲೆ ಕೇಳಿಸಿದ್ದು, ಎರಡು, ಕಾಡು ಪಟ್ಟಿಯಲ್ಲಿಲ್ಲ ಕುರ್ಚಿ ಪಟ್ಟಿಯಲ್ಲಿಲ್ಲ ಮಗಳು ಪಟ್ಟಿಯಲ್ಲಿಲ್ಲ ಮಲಗುವುದು ಪಟ್ಟಿಯಲ್ಲಿಲ್ಲ, ಕೊಂದದ್ದು ಅವೇ, ಪಟ್ಟಿಯಲ್ಲಿಲ್ಲದವೇ, ಮೂರು, ಅಪ್ಪ ಚಾನೆಲ್ ಬದಲಾಯಿಸಿ ಅಪ್ಪ, ರಿಮೋಟು ಅಲ್ಲೇ ನಿಮ್ಮ ತೊಡೆಯ ಪಕ್ಕದಲ್ಲಿ ಇರುತ್ತದೆ, ಇಲ್ಲ ಬದಲಾಯಿಸಬೇಡಿ, ಕೇಳಿ, ಒಂದು ಸಲ ಇನ್ನೊಬ್ಬರ ಬಾಯಿಂದ ಕೇಳಿ, ನಾಲ್ಕು, ಕಿರಣ್‌ಕುಮಾರ್ ಈಗ ಎರಡೂ ಕೈಯಲ್ಲಿ ಎರಡೂ ಕಿವಿ ಹಿಡಿದು ಎಳೆಯುತ್ತಿದ್ದಾನೆ, ತಪ್ಪು ಮಾಡಿದ ಮಕ್ಕಳು ದೇವರ ಮುಂದೆ ಹಿಡಿದುಕೊಳ್ಳುವ ಹಾಗೆ, ಐದು, ಭಾವನಾ ಬೆರಳು ಎತ್ತಿದಳು, ಎತ್ತಿದ ಕೈಯನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತಳು, ಎಡಗೈಯನ್ನೂ ತುರುಕಿದಳು, ಅದನ್ನೂ ನಂಬುವ ಹಾಗಿಲ್ಲ, ಜೋರಾಗಿ ಮಾತಾಡಿದ್ರು ಸಾರ್ ಅಷ್ಟೆ ಎಂದವಳ ಕೈ ಅದು, ಫೋನು ಮೇಜಿನ ಮೇಲೆ ಗುಂಯ್‌ಗುಟ್ಟುತ್ತಾ ಅಂಚಿಗೆ ಜರುಗುತ್ತಿದೆ, ಬೀಳಲಿ, ಆರು, ಎಡಗಡೆ ಗಾಜಿನಾಚೆ ಚಿಕ್ಕಮಾದಿ ನೀರಿನ ಬಾಟಲಿ ಎತ್ತಿಕೊಂಡಿದ್ದಾಳೆ, ಆ ಬಾಯಿಗೆ ಹೇಳುವುದು ಮುಗಿದಿದೆ, ಬಲಗಡೆ ಟೀವಿಯಲ್ಲಿ ಅದೇ ಬಾಯಿ, ನಾಲ್ಕು ತಾಲ್ಲೂಕಿನ ನಡುಮನೆಗಳ ಕಡೆ ಮುಖ ಮಾಡಿ, ಅಪ್ಪನ ಕಡೆ ಮುಖ ಮಾಡಿ, ಎಂಗಂದ್ರೋ ಅಂಗೇ ಯೋಳ್ತೀನಿ ಎಂದು ನಿಂತು, ಉಸಿರು ತೆಗೆದುಕೊಂಡು, ಈಗ ತೆರೆಯುತ್ತಿದೆ